ಫರ್ಸಿ ಮಾಮಾ ಮತ್ತು ನನ್ನ ಕೋರೆಹಲ್ಲು

ಶಹಾಬಾದಿನ ಹಲ್ಲಿನ ಆಸ್ಪತ್ರೆಯ ಕುರ್ಚಿಯಲ್ಲಿ ನಾನು ಬಾಯಿ ತೆರೆದು ಮಲಗಿದ್ದೆ. ಬಾಗಿಲ ಹತ್ತಿರ ಸ್ಟೂಲಿನ ಮೇಲೆ ನನ್ನ ಮಾಮಾ, ಅಂದರೆ ಅವ್ವನ ತಮ್ಮ, ಮುಖ ಊದಿಸಿಕೊಂಡು ಕೂತಿದ್ದ.

ನರ್ಸ್ ಚೀಟಿ ಬರೆಯುತ್ತಾ ಕೇಳಿದಳು, "ಇಕಿ ನಿಮಗ ಏನಾಗಬೇಕ್ರಿ?"

"ಅಳಿಯ," ಅಂದ ಮಾಮಾ.

ನರ್ಸ್ ನನ್ನ ಚೂಡಿದಾರ ನೋಡಿದಳು, ಜಡೆ ನೋಡಿದಳು, ಮಾಮಾನ ಮೀಸೆ ನೋಡಿದಳು. ಆಮೇಲೆ "ಸಂಬಂಧಿಕರು" ಅಂತ ಬರೆದುಕೊಂಡಳು. ಜಾಣೆ!

ಇದು ಕೀಪ್ಯಾಡ್ ಮೊಬೈಲಿನಲ್ಲಿ ಹಾವಿನ ಆಟ ಆಡುತ್ತಿದ್ದ ಕಾಲದ ಮಾತು. ನಾನು ಹೆಣ್ಣಾಗಿ ಬದುಕಲು ಶುರು ಮಾಡಿ ಎರಡು ವರ್ಷವಾಗಿತ್ತು. ವಾಡಿಯಲ್ಲಿ ಒಂದು ರೂಮು, ಒಂದು ಹೊಲಿಗೆ ಮಷಿನ್, ಕೈತುಂಬ ಬ್ಲೌಸ್ ಕೆಲಸ.

ಕೂದಲು ಬೆಳೆದಿತ್ತು, ಮಾತ್ರೆಗಳಿಂದ ಮುಖ ಮೆತ್ತಗಾಗಿತ್ತು... ಹಲ್ಲು ಮಾತ್ರ ಅಪ್ಪನವೇ.

ಕೋರೆಹಲ್ಲು ಎರಡೂ ಚೂಪು, ಮುಂದಿನವು ಚೌಕ. ನಕ್ಕರೆ ದಂಡೋತಿಯ ನಮ್ಮಪ್ಪನೇ ಲಿಪ್‌ಸ್ಟಿಕ್ ಹಚ್ಚಿಕೊಂಡು ನಕ್ಕಂತೆ ಕಾಣುತ್ತಿತ್ತು. ಅದಕ್ಕೇ ನಾನು ಬಾಯಿಗೆ ದುಪಟ್ಟಾ ಹಿಡಿದೇ ನಗುತ್ತಿದ್ದೆ. ಪಾಪ, ಹಲ್ಲುನೋವಿರಬೇಕು ಅಂತ ಗಿರಾಕಿಗಳು ಲವಂಗ ತಂದುಕೊಡುತ್ತಿದ್ದರು.

ಮೂಲೆಗಳನ್ನು ದುಂಡಗೆ ಮಾಡಿಕೊಡಲು ಡಾಕ್ಟರ್ ಮೇಡಂ ಒಪ್ಪಿದ್ದರು. ಆದರೆ ಒಂದು ಷರತ್ತು. "ಒಮ್ಮೆ ತೆಗೆದದ್ದು ತಿರುಗಿ ಬೆಳ್ಯಂಗಿಲ್ಲಮ್ಮಾ. ಮನ್ಯಾಗಿನ ಹಿರಿಯರನ್ನ ಒಬ್ರನ್ನ ಕರ್ಕೊಂಡು ಬಾ."

ಅವ್ವನಿಗೆ ಮೊಣಕಾಲು ನೋವು. ತನ್ನ ತಮ್ಮನನ್ನು ದಬ್ಬಿ ಕಳಿಸಿದಳು.

ಮಾಮಾ ಫರ್ಸಿ, ಅಂದರೆ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲಿನ ಪಾಲಿಶ್ ಮಿಸ್ತ್ರಿ. ಹುಡುಗನಿದ್ದಾಗಿಂದ ಕಲ್ಲಿನ ಅಂಚು ತಿಕ್ಕಿದ ಕೈ. ನಾನು ಚೂಡಿದಾರ ಹಾಕಿದ ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದ.

ಆ ತಿಂಗಳು ಮಾತ್ರ ಅವ್ವನ ಕೈಲಿ ಒಂದು ಮಾತು ಹೇಳಿ ಕಳಿಸಿದ್ದ. ಸೇಡಂನಲ್ಲಿ ಅವನ ಮಗಳು ಸವಿತಾಳ ಮದುವೆ. ನಾನು ಬರುವುದಾದರೆ ಪ್ಯಾಂಟ್ ಶರ್ಟ್ ಹಾಕಿಕೊಂಡೇ ಬರಬೇಕು.

ಸವಿತಾ ಅಂದರೆ ನನ್ನ ಜೀವ. ಅವಳ ಮದುವೆಯ ಬ್ಲೌಸುಗಳನ್ನೆಲ್ಲ ಹೊಲಿಯುತ್ತಿದ್ದವಳು ನಾನೇ. ಬ್ಲೌಸು ಮಂಟಪಕ್ಕೆ ಹೋಗುತ್ತದೆ, ನಾನು ನಾನಾಗಿ ಹೋಗುವ ಹಾಗಿಲ್ಲ... ಹುಕ್ಕು ಹಚ್ಚುತ್ತಾ ಅತ್ತಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಇರಲಿ, ಕುರ್ಚಿಗೆ ಬರೋಣ.

ಮೇಡಂ ಹಲ್ಲಿನ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದರು. ಮಾಮಾನ ಕತ್ತು ಉದ್ದವಾಯಿತು. ಗೆರೆ ಹಾಕಿ ತಿಕ್ಕುವುದು ಅವನದೇ ಕಸುಬು ತಾನೆ!

ಮಷಿನ್ ಗುಂಯ್ ಅಂತು, ತುದಿಯಿಂದ ನೀರು ಚಿಮ್ಮಿತು. ಸ್ಟೂಲು ಸರ್ರನೆ ಮುಂದೆ ಸರಿದ ಸದ್ದು.

"ನೀರು ಬಿಟ್ಕೋತ ತಿಕ್ಕಲಿಕತ್ತೀರಿ. ಕೆಲಸ ಗೊತ್ತದ ನಿಮಗ," ಅಂದ ಮಾಮಾ. ಎರಡು ವರ್ಷದಲ್ಲಿ ನನ್ನೆದುರು ಅವನಾಡಿದ ಮೊದಲ ಒಳ್ಳೆಯ ಮಾತು, ಅದೂ ಡಾಕ್ಟರಿಗೆ.

ಎರಡೂ ಕೋರೆ ಮುಗಿಯುವಷ್ಟರಲ್ಲಿ ಸ್ಟೂಲು ಖಾಲಿ. ಮಾಮಾ ನನ್ನ ತಲೆಯ ಹತ್ತಿರ ನಿಂತಿದ್ದಾನೆ. ಒಂದು ಕಣ್ಣು ಮುಚ್ಚಿ, ಹೊಸದಾಗಿ ಫರ್ಸಿ ಹಾಸಿದ ಪಡಸಾಲೆಯನ್ನು ನೋಡುವ ಹಾಗೆ ನನ್ನ ಹಲ್ಲಿನ ಸಾಲು ನೋಡುತ್ತಿದ್ದಾನೆ.

"ಮೇಡಂ, ಎಡಕಿನ ಮೂಲಿ ಜರಾ ಎದ್ದದ ನೋಡ್ರಿ."

"ಇಲ್ಲರಿ, ಬರಾಬರ್ ಅದ."

"ಎಲ್ಲಿ ಬರಾಬರ್ ಅದರಿ?" ಅಂದವನೇ ಕಿವಿಯ ಮೇಲಿದ್ದ ತನ್ನ ಪೆನ್ಸಿಲ್ ತೆಗೆದೇಬಿಟ್ಟ. ಕಲ್ಲಿನ ಪುಡಿ ಮೆತ್ತಿದ ಮೊಂಡು ಪೆನ್ಸಿಲ್ ನನ್ನ ಬಾಯಿಯ ಕಡೆಗೇ ಬರುತ್ತಿದೆ... ನಾನು "ಆಂ ಆಂ" ಅನ್ನುತ್ತಿದ್ದೇನೆ...

ನರ್ಸ್ ಓಡಿಬಂದು ಕೈ ಹಿಡಿದಳು. "ಏ ಕಾಕಾ, ಅದನ್ನ ಬಾಯಾಗ ಹಾಕಬ್ಯಾಡ್ರಿ!"

ಮೇಡಂ ಸಣ್ಣ ಕನ್ನಡಿ ಹಿಡಿದು ಮತ್ತೆ ನೋಡಿದರು. "ಖರೇನ ಅದರಿ. ಜರಾ ಎದ್ದದ," ಅಂದರು. ಮಾಮಾ ಎದೆ ಉಬ್ಬಿಸಿದ.

ಅಲ್ಲಿಂದ ಅವನನ್ನು ಹಿಡಿಯುವವರೇ ಇಲ್ಲ.

"ಈ ಮುಂದಿನ್ವು ಇನ್ನಾ ಗಂಡಸರ ಹಲ್ಲಿನಂಗ ಕಾಣ್ಲಿಕತ್ತಾವ. ಗೋಲ್ ಮಾಡ್ರಿ."

"ಇನ್ನಾ ತಿಕ್ಕಿದ್ರ ಜುಮ್ ಅಂತದರಿ. ಇಷ್ಟ ಸಾಕು."

"ಹಂಗಂದ್ರ ಹೆಂಗ್ರಿ ಮೇಡಂ? ನಾಳಿ ಮದುವ್ಯಾಗ ನಾಕು ಮಂದಿ ನೋಡ್ತಾರ. ನಮ್ಮ ಸೊಸಿ ಹಲ್ಲು ಅರ್ಧಾಮರ್ಧಾ ಬಿಡ್ತೀರೇನು?"

ನಮ್ಮ ಕಡೆ ಅಕ್ಕನ ಮಗ ಅಳಿಯ, ಅಕ್ಕನ ಮಗಳು ಸೊಸೆ. ತಾನು ಏನಂದೆ ಅನ್ನುವುದು ಅವನಿಗೇ ಗೊತ್ತಾಗಲಿಲ್ಲ. ಅವನ ಜೀವವೆಲ್ಲ ಆ ಮುಂದಿನ ಹಲ್ಲುಗಳಲ್ಲಿತ್ತು.

ನನಗೆ ಕಣ್ಣೀರು ಇಳಿದು ಸೀದಾ ಕಿವಿಯೊಳಗೆ ಹೋಯಿತು. ನೋವಾಯಿತೇನೋ ಅಂತ ಮೇಡಂ ಮಷಿನ್ ನಿಲ್ಲಿಸಿದರು. ಬಾಯಿ ತುಂಬ ಹತ್ತಿ, ಹೇಗೆ ಹೇಳಲಿ?

ನರ್ಸ್ ಮಾತ್ರ ಚೀಟಿ ಎತ್ತಿಕೊಂಡು, "ಸಂಬಂಧಿಕರು" ಹೊಡೆದುಹಾಕಿ, "ಸೊಸೆ" ಅಂತ ಬರೆದಳು.

ಕೆಲಸ ಮುಗಿಸಿ ಎದುರಿನ ಚಹಾದಂಗಡಿಗೆ ಬಂದೆವು. "ನಗು, ನೋಡೂಣು," ಅಂದ ಮಾಮಾ.

ರೂಢಿಯಂತೆ ನನ್ನ ಕೈ ದುಪಟ್ಟಾ ಎತ್ತಿತು. ಅವನು ಅದನ್ನು ಕೆಳಗೆಳೆದ. "ಪಾಲಿಶ್ ಮಾಡಿದ ಫರ್ಸಿ ಮ್ಯಾಲ ಯಾರರೆ ಗೋಣಿಚೀಲ ಹಾಸ್ತಾರೇನು?"

ನಕ್ಕೆ. ಬಯಲಲ್ಲಿ, ಮಂದಿಯ ನಡುವೆ, ಹಲ್ಲು ಪೂರ್ತಿ ಕಾಣುವ ಹಾಗೆ. ಮಾಮಾ ಒಂದು ಕಣ್ಣು ಮುಚ್ಚಿ ಎಡದಿಂದ ಬಲಕ್ಕೆ ನೋಡಿ ತಲೆಯಾಡಿಸಿದ.

ಆಗ ನನಗೆ ಎಲ್ಲಿಂದ ಧೈರ್ಯ ಬಂತೋ. "ಮಾಮಾ, ಮದುವಿಗಿ ಪ್ಯಾಂಟ್ ಶರ್ಟು..." ಅಂದೆ.

ಅವನು ಚಹಾ ಬಸಿಗೆ ಸುರಿದ, ಊದಿದ, ಕುಡಿದು ಮುಗಿಸಿದ.

"ಇಷ್ಟು ಛಲೋ ಕೆಲಸ ಮಾಡ್ಸೀನಿ. ಪ್ಯಾಂಟ್ ಶರ್ಟ್ ಇದಕ್ಕ ಮ್ಯಾಚ್ ಆಗಂಗಿಲ್ಲ. ಸೀರಿ ಉಟ್ಕೊಂಡು ಬಾ."

ಹೋದೆ, ಹಸಿರು ಸೀರೆಯಲ್ಲಿ. ಮಾಮಾ ಬೀಗರನ್ನೂ ಬಿಡಲಿಲ್ಲ, ಒಬ್ಬೊಬ್ಬರನ್ನೇ ನನ್ನ ಮುಂದೆ ತಂದು ನಿಲ್ಲಿಸಿ, "ಇಕಿ ನಮ್ಮ ಸೊಸಿ. ನಗವ್ವಾ ಜರಾ, ತೋರ್ಸು. ಮೇಡಂ ಬರೇ ಮಷಿನ್ ಹಿಡಿದಿದ್ರು, ಕೆಲಸ ನಂದೇ!" ಅನ್ನುತ್ತಿದ್ದ.

ಸವಿತಾಳ ಮದುವೆ ಆಲ್ಬಮ್ಮಿನಲ್ಲಿ ಮದುಮಗಳಿಗಿಂತ ಜಾಸ್ತಿ ಹಲ್ಲು ಕಿಸಿದವಳು ನಾನೇ... ನಿಮ್ಮ ಮನೆಯ ಆಲ್ಬಮ್ಮಿನಲ್ಲಿ ಅಂಥವರು ಯಾರು?