ಇವಳು – ಮುನ್ನೂರು ವ್ಯಾಟ್

ಇಪ್ಪತ್ತಾರು ವರ್ಷ ಬಸ್ಸಿನೊಳಗೆ ಹಿಂದೆ ಮುಂದೆ ಓಡಾಡಿ, "ಒಳಗೆ ಬನ್ನಿ, ಬಾಗಿಲು ಬಿಡಿ" ಎಂದು ಕೂಗಿ ಕೂಗಿ ಗಂಟಲು ಕಂಚು ಮಾಡಿಕೊಂಡಿದ್ದ ಕಂಡಕ್ಟರಮ್ಮ ಈಗ ಏಳು ಮೀಟರ್ ಪ್ಲಾಸ್ಟಿಕ್ ಕೊಳವೆಗೆ ಸಿಕ್ಕಿಬಿದ್ದಿದ್ದಳು. ಕೊಳವೆಯ ಒಂದು ತುದಿ ಅವಳ ಮೂಗಿನಲ್ಲಿ, ಇನ್ನೊಂದು ಗೋಡೆಯ ಪಕ್ಕ ಗುರುಗುಟ್ಟುವ ಆಕ್ಸಿಜನ್ ಮಷೀನಿನಲ್ಲಿ. ಬಾಡಿಗೆ ಕೋಣೆಯ ಮಂಚದಿಂದ ಒಲೆಯವರೆಗೆ ಅದು ಬರುತ್ತಿತ್ತು, ಬಚ್ಚಲಿಗೂ ಬರುತ್ತಿತ್ತು. ಹೊಸ್ತಿಲು ದಾಟಿ ಎರಡು ಹೆಜ್ಜೆ ಇಟ್ಟರೆ ಮಾತ್ರ, ತುಂಟ ಮಗುವನ್ನು ಹಿಡಿದ ಹಾಗೆ ಕಿವಿ ಹಿಂಡಿ ವಾಪಸ್ ಎಳೆಯುತ್ತಿತ್ತು.

ಅವಳಿಗೂ ಗಂಡನಿಗೂ ಸ್ವಂತ ಮನೆ ಇರಲಿಲ್ಲವೆಂದಲ್ಲ. ಪೇಟೆಯಿಂದ ಅರ್ಧ ಗಂಟೆ ದಾರಿ. ಹತ್ತಡಿ ಅಗಲ, ಹದಿನಾಲ್ಕಡಿ ಉದ್ದ. ಗಂಡ ವೈರಿಂಗ್ ಮೇಸ್ತ್ರಿ. ಜೀವಮಾನವಿಡೀ ಕಂಡವರ ಮನೆಗೆ ತಂತಿ ಎಳೆದು ಬೇಸತ್ತವನು, "ನಮ್ಮನೆಗೆ ಮಾತ್ರ ಕಂಬದಿಂದ ಒಂದೆಳೆ ತಂತಿನೂ ಬೇಡ ಕಣೇ" ಎಂದಿದ್ದ. ಸೂರಿನ ಮೇಲೊಂದು ಚಿಕ್ಕ ಸೋಲಾರ್ ಪ್ಯಾನೆಲ್ಲು, ಮೂಲೆಯಲ್ಲೊಂದು ಬ್ಯಾಟರಿ. ಎರಡು ಬಲ್ಬು, ಒಂದು ಫ್ಯಾನು, ರೇಡಿಯೊ. ಅವಳು ನಿವೃತ್ತಳಾದ ಮೇಲೆ ಎರಡು ವರ್ಷ ಅಲ್ಲಿ ಯಾರ ಹಂಗಿಲ್ಲದೆ ಇದ್ದರು. ಮೂರನೆಯ ವರ್ಷ ಅವಳ ಶ್ವಾಸಕೋಶ ಕೈಕೊಟ್ಟಿತು. "ಈ ಮಷೀನು ಹಗಲೂ ರಾತ್ರಿ ಓಡ್ತಾನೇ ಇರಬೇಕಮ್ಮ" ಎಂದರು ಡಾಕ್ಟರು. ಕರೆಂಟಿನ ಕಂಬ ಆ ಮನೆಗೆ ಒಂದೂವರೆ ಕಿಲೋಮೀಟರ್ ದೂರ. ಹೀಗೆ ಪೇಟೆಯ ಕೋಣೆ ಗಂಟುಬಿತ್ತು.

ಮೇಸ್ತ್ರಿ ಅಷ್ಟಕ್ಕೇ ಬಿಡುವ ಆಸಾಮಿಯಲ್ಲ. ಹೇಗಾದರೂ ವಾಪಸ್ ಹೋಗಬೇಕೆಂದು ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ದಿನವೂ ಏನೋ ಗೀಚುತ್ತಿದ್ದ. ಒಂದು ಬೆಳಿಗ್ಗೆ ಅವನು ಮಾತ್ರೆ ತರಲು ಹೋದಾಗ ಅವಳು ಕನ್ನಡಕ ಏರಿಸಿ ಓದಿದಳು. ಬಲ್ಬು – ಹದಿನೆಂಟು ವ್ಯಾಟ್. ಫ್ಯಾನು – ಅರವತ್ತು. ರೇಡಿಯೊ – ಐದು. ಮೂರರ ಮೇಲೂ ಗೀಟು ಎಳೆದಿತ್ತು. ಉಳಿದದ್ದು ಒಂದೇ ಸಾಲು: ಇವಳು – ಮುನ್ನೂರು.

ಅಳು ಬಂತು. ಆದರೆ ಅಳುವುದಕ್ಕೂ ಉಸಿರು ಬೇಕಲ್ಲ, ನುಂಗಿಕೊಂಡು ಅವನು ಬರುವವರೆಗೆ ಕಾದಳು.

"ರೀ, ನಾನೇನು ಇಸ್ತ್ರಿಪೆಟ್ಟಿಗೆನಾ? ಬಲ್ಬು ಫ್ಯಾನಿನ ಸಾಲಲ್ಲಿ ನನ್ನ ಕೂರಿಸಿದೀರಲ್ಲ!"

"ಅಯ್ಯೋ, ಅದು ಮಷೀನಿನ ಲೋಡು ಕಣೇ."

"ಹೊರೆ ಅಂತ ಬರೆಯೋಕೆ ನಾಚಿಕೆ ಆಗಿರಬೇಕು, ಅದಕ್ಕೇ..." ಮಾತು ಅರ್ಧಕ್ಕೆ ನಿಂತಿತು. ದಮ್ಮು ಸಾಲಲಿಲ್ಲ.

ಅವನು ಮಾತ್ರೆಯ ಪೊಟ್ಟಣ ಹಿಡಿದುಕೊಂಡೇ ನೆಲದ ಮೇಲೆ ಕೂತ. "ಮಷೀನು ಅಂತ ಬರೆಯೋಕೆ ಕೈ ಬರಲಿಲ್ಲ. ಅದನ್ನ ನೆನೆಸಿಕೊಂಡ್ರೆ ಸಿಟ್ಟು ಬರುತ್ತೆ, ಲೆಕ್ಕ ತಪ್ಪುತ್ತೆ. ನಿನ್ನ ಹೆಸರಲ್ಲಿ ಬರೆದ್ರೆ ಮುಂದಕ್ಕೆ ಹೋಗುತ್ತೆ."

ಅವಳು ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಕೇಳಿದಳು, "ಎಷ್ಟು ಕಮ್ಮಿ ಬೀಳುತ್ತೆ?"

"ದಿನಕ್ಕೆ ಏಳು ಯೂನಿಟ್ಟಿನ ಮೇಲೆ ಬೇಕು. ಸೂರಿನ ತುಂಬ ಪ್ಯಾನೆಲ್ ಹಾಕಿದ್ರೆ ಒಳ್ಳೆ ಬಿಸಿಲಲ್ಲಿ ಹೇಗೋ ಆಗುತ್ತೆ. ಎರಡು ದಿನ ಮೋಡ ಕವಿದ್ರೆ? ಅಷ್ಟನ್ನ ಕೂಡಿಡೋಕೆ ಹೊರಟ್ರೆ ಒಳಗೆ ಬ್ಯಾಟರಿಗಳ ಸಂಸಾರ, ಹೊರಗೆ ನಮ್ಮದು."

ಅವಳಿಗೆ ನಗು, ನಗುವಿನ ಹಿಂದೆಯೇ ಕೆಮ್ಮು. ಸುಧಾರಿಸಿಕೊಂಡು ಅಂದಳು, "ರಾತ್ರಿ ಹಾಲ್ಟ್ ಮಾಡೋಕಾಗದ ಊರಿಗೆ ನಾವು ಬಸ್ಸೇ ಬಿಡ್ತಿರಲಿಲ್ವಾ? ಬೆಳಿಗ್ಗೆ ಹೋಗಿ ಸಂಜೆ ವಾಪಸ್."

ಮೇಸ್ತ್ರಿ ಕ್ಯಾಲೆಂಡರ್ ಎಳೆದುಕೊಂಡ. ಹತ್ತು ಗಂಟೆಯಿಂದ ಮೂರರವರೆಗೆ. ಎರಡು ದೊಡ್ಡ ಪ್ಯಾನೆಲ್ಲು, ಮಧ್ಯೆ ಆಸರೆಗೆ ಆ ಹಳೇ ಬ್ಯಾಟರಿ. ಸಾಕು. ಅವಳು ಪೆನ್ನು ಕಿತ್ತುಕೊಂಡು ಕೊನೆಗೆ ಫ್ಯಾನನ್ನೂ ಸೇರಿಸಿದಳು. "ನಿಮಗೆ ಸೆಕೆ ಆಗಲ್ವಾ?"

ಮೂರು ವಾರದಲ್ಲಿ ಪ್ಯಾನೆಲ್ಲು ಸೂರಿಗೇರಿದವು. ದಾರಿಗೆ ಚಿಕ್ಕ ಆಕ್ಸಿಜನ್ ಸಿಲಿಂಡರನ್ನು ಕಾಲ ನಡುವೆ ಇಟ್ಟುಕೊಂಡು, ಮಷೀನನ್ನು ಹಿಂದೆ ಕಟ್ಟಿಸಿ, ಆಟೊದಲ್ಲಿ ಹೋದರು. ಅವನು ಜೇಡರಬಲೆ ಗುಡಿಸಿ, ಕೊಳವೆಯನ್ನು ಕಿಟಕಿಯಿಂದ ಹೊರಗೆ ಹಾಯಿಸಿದ. ಅವಳು ಗೋಡೆಗೊರಗಿ ಬಿಸಿಲಿಗೆ ಕೂತಳು. ಎರಡು ಗಂಟೆ ಹೊತ್ತು ಒಂದೂ ಮಾತಾಡಲಿಲ್ಲ; ಗಂಡನಿಗೆ ಅದೇ ಹಬ್ಬವಾಯಿತು.

ಒಂದೂವರೆಗೆ ಮೋಡ ಕವಿಯಿತು. ಬ್ಯಾಟರಿಯ ಮಟ್ಟ ತೋರಿಸುವ ಇನ್ವರ್ಟರಿನ ಹಸಿರು ದೀಪ ನಾಲ್ಕಿದ್ದದ್ದು ಎರಡಾಯಿತು. ಅಲ್ಲಿಂದಾಚೆ ಅವನ ಕಣ್ಣು ಅವಳ ಕಡೆ ತಿರುಗಲೇ ಇಲ್ಲ, ದೀಪಗಳಿಗೆ ಅಂಟಿಕೊಂಡಿತು.

"ಹೊರಡೋಣ ಕಣೇ."

"ಇನ್ನೊಂದು ಹತ್ತು ನಿಮಿಷ ರೀ."

ಐದು ನಿಮಿಷಕ್ಕೇ ಮಷೀನು ಕಿರುಚಿಕೊಂಡಿತು. ಅವನು ಕೊಳವೆಯನ್ನು ಸಿಲಿಂಡರಿಗೆ ಬದಲಿಸಿ, ಹೊರಗೆ ಕಾಯುತ್ತಿದ್ದ ಆಟೊದವನನ್ನು ಕೂಗಿದ.

ಆ ತಿಂಗಳು ಆರು ಸಲ ಹೋದರು. ಮುಂದಿನ ತಿಂಗಳು ಮೋಡದ್ದೇ ಕಾರುಬಾರು, ಒಮ್ಮೆಯೂ ಆಗಲಿಲ್ಲ. "ನಾಳೆ ನೋಡೋಣ" ಎನ್ನುವುದು ಇಬ್ಬರಿಗೂ ಬಾಯಿಪಾಠವಾಯಿತು. ಕೋಣೆಯಲ್ಲಿ ಮುಖ ಮುಖ ನೋಡಿಕೊಂಡು ಕೂತು ಕೂತು, ಕಾಫಿಗೆ ಸಕ್ಕರೆ ಹೆಚ್ಚಾಯಿತೆಂದೂ ಜಗಳವಾಯಿತು.

"ಪ್ಯಾನೆಲ್ ಮೇಲೆ ಧೂಳು ಕೂತಿರುತ್ತೆ. ಒಬ್ಬರೇ ಹೋಗಿ ಒರೆಸಿ ಬನ್ನಿ" ಎಂದಳು ಒಂದು ದಿನ. "ಕರೆಂಟ್ ಹೋದ್ರೆ ಸಿಲಿಂಡರ್ ಬದಲಿಸೋದು ನನಗೆ ಗೊತ್ತು. ಗಾಳಿ ತಗೊಂಡು ಬನ್ನಿ, ಸಂಜೆಗೆ ಬಂದ್ರೆ ಸಾಕು."

ಮನಸ್ಸಿಲ್ಲದ ಮನಸ್ಸಿನಿಂದ ಹೋದ. ಮಧ್ಯಾಹ್ನದ ಊಟದ ಹೊತ್ತಿಗೆ ಬಾಗಿಲಲ್ಲಿದ್ದ.

"ಇಷ್ಟು ಬೇಗ ಬಂದ್ರಾ?"

"ಒರೆಸಿದೆ," ಎಂದು ಚಪ್ಪಲಿ ಬಿಟ್ಟ. "ಅಲ್ಲಿ ಒಬ್ಬನೇ ಕೂರೋಕೆ ಆಗಲಿಲ್ಲ ಕಣೇ. ಏನೂ ಸದ್ದೇ ಇಲ್ಲ."