ತಳ್ಳಬಾರದ ಸ್ಕ್ರಮ್

ಪಂದ್ಯಕ್ಕಿಂತ ಮೊದಲು ಜಗಳವೇ ಶುರುವಾಯಿತು. "ಸ್ಕ್ರಮ್‌ನಲ್ಲಿ ಯಾರೂ ತಳ್ಳುವ ಹಾಗಿಲ್ಲ" ಎಂದು ನಾನು ಹೇಳಿದ್ದೇ ತಡ, ಐವತ್ತು ದಾಟಿದ ದೈತ್ಯರೆಲ್ಲ ನನ್ನನ್ನು ಸುತ್ತುವರಿದರು.

ನಾನು ಮೈಸೂರಿನಲ್ಲಿ ಕಬಡ್ಡಿ ಆಡಿ ಬೆಳೆದವಳು. ಈಗ ಹೊರದೇಶದ ಓವರ್‌ಲೇಕ್‌ನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ಶನಿವಾರಗಳಲ್ಲಿ ರಗ್ಬಿ ರೆಫರಿ. ರೆಫರಿಗಿರಿ ಕಲಿಸಿದವರು ಕ್ರಾಸ್‌ರೋಡ್ಸ್ ಬಡಾವಣೆಯ ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯವರು. ಅವತ್ತು ಒಂದು ತಂಡಕ್ಕೆ ಅವರೇ ಕ್ಯಾಪ್ಟನ್.

ಹಿಂದೆ ಈ ದೇಶದ ದೊಡ್ಡ ರಗ್ಬಿ ಕ್ಲಬ್‌ಗಳಿಗೆಲ್ಲ ಸೇರಿ ಒಂದು ರಾಷ್ಟ್ರೀಯ ಚಾಂಪಿಯನ್‌ಷಿಪ್ ಇತ್ತು. ಬಡಗಿಗಳು, ಮೇಷ್ಟ್ರುಗಳು ಶುಕ್ರವಾರ ಕೆಲಸ ಮುಗಿಸಿ ವಿಮಾನ ಹತ್ತಿ, ದೇಶದ ಆ ತುದಿಯಲ್ಲಿ ಆಡಿ, ಸೋಮವಾರ ಊದಿದ ಕಣ್ಣಿನಲ್ಲೇ ಕೆಲಸಕ್ಕೆ ಹೋಗುತ್ತಿದ್ದರಂತೆ. ಓಡಾಟಕ್ಕೆ ಸೋತು ಕ್ಲಬ್‌ಗಳು ಒಂದೊಂದಾಗಿ ಹಿಂದೆ ಸರಿದವು, ಟೂರ್ನಿಯೇ ನಿಂತುಹೋಯಿತು. ಅದು ನಿಂತ ವರ್ಷ ಗುರುಗಳ ಮತ್ತು ಎದುರು ತಂಡದ ಈ ಎರಡು ಕ್ಲಬ್‌ಗಳ ನಡುವೆ ಆಗಬೇಕಿದ್ದ ಪಂದ್ಯ ಆಗಲೇ ಇಲ್ಲ. ಅದನ್ನು ಈಗ, ತಲೆ ನರೆತ ಮೇಲೆ, ಎವರೆಟ್ ಊರಿನ ಹತ್ತಿರದ ಮೈದಾನದಲ್ಲಿ ಆಡಲು ಬಂದಿದ್ದರು.

ಸ್ಕ್ರಮ್ ಎಂದರೆ ಎರಡು ಕಡೆಯ ಎಂಟೆಂಟು ಜನ ಬಾಗಿ, ತಲೆಗೆ ತಲೆ ಹೆಣೆದು ತಳ್ಳಾಡುವುದು. ಅದು ಕುಸಿದರೆ ಮೊದಲು ಪೆಟ್ಟು ಬೀಳುವುದು ಕತ್ತಿಗೆ.

"ನೀನು ಆ ಚಾಂಪಿಯನ್‌ಷಿಪ್ ಆಡಿದವಳಲ್ಲ. ನಿನಗೆ ಅರ್ಥ ಆಗಲ್ಲ" ಎಂದರು ನನ್ನ ಗುರುಗಳು.

"ಆಡಿಲ್ಲ, ನಿಜ. ಆದರೂ ತಳ್ಳೋಕೆ ಬಿಡಲ್ಲ" ಎಂದೆ.

ಗೊಣಗುತ್ತಲೇ ಆಡಿದರು. ವಿರಾಮದಲ್ಲಿ ನನ್ನ ಗಂಡ ನೀರಿನ ಬಾಟಲ್ ಕೊಡುತ್ತಾ, "ಅಷ್ಟೊಂದು ಕೇಳ್ತಾ ಇದಾರಲ್ಲ, ಬಿಟ್ಬಿಡೇ. ಅವರ ಕತ್ತು, ಅವರಿಷ್ಟ" ಎಂದ.

"ವಿಷಲ್ ನನ್ನ ಕೈಲಿದೆ ಕಣೋ. ಏನಾದ್ರೂ ಆದ್ರೆ ನಾನೇ ತಾನೇ ನೋಡ್ಬೇಕು?"

ಕೊನೆಯ ಹೊತ್ತಿಗೆ ಗುರುಗಳ ತಂಡ ಕೆಲವೇ ಅಂಕಗಳಿಂದ ಹಿಂದಿತ್ತು. ದಾಟಿದರೆ ಅಂಕ ಸಿಗುವ ಎದುರಾಳಿಗಳ ಗೆರೆಯ ಹತ್ತಿರವೇ ಸ್ಕ್ರಮ್ ಬಂತು. ಬಾಗುವ ಮುನ್ನ ಇಬ್ಬರೂ ಕ್ಯಾಪ್ಟನ್‌ಗಳು ಕಣ್ಣಲ್ಲೇ ಏನೋ ಮಾತಾಡಿಕೊಂಡ ಹಾಗೆ ಕಂಡಿತು. ಭುಜಗಳು ತಗ್ಗಿದವು. ನಾನು ಸೀಟಿ ಊದುವಷ್ಟರಲ್ಲಿ ಇಡೀ ರಾಶಿ ಮುಂದಕ್ಕೆ ನುಗ್ಗಿ ಕುಸಿಯಿತು.

ಎಲ್ಲರೂ ಎದ್ದರು. ಎದುರು ತಂಡದ ಕ್ಯಾಪ್ಟನ್ ಮಾತ್ರ ಬೋರಲಾಗಿ ಬಿದ್ದಿದ್ದ.

"ಯಾರೂ ಎತ್ತಬೇಡಿ!" ಎಂದು ಕಿರುಚಿದೆ. ಗಂಡ ಆಗಲೇ ಆಂಬುಲೆನ್ಸ್‌ಗೆ ಫೋನ್ ಮಾಡುತ್ತಿದ್ದ. ನಾನು ಒದ್ದೆ ಹುಲ್ಲಿನ ಮೇಲೆ ಮಲಗಿ ಅವನ ಮುಖ ನೋಡಿದೆ. ಕಣ್ಣು ತೆರೆದಿತ್ತು.

"ಕೈ ಎಲ್ಲಿದೆ ಅಂತ ಗೊತ್ತಾಗ್ತಿಲ್ಲ" ಎಂದ, ಮೆಲ್ಲಗೆ.

ಗುರುಗಳು ಮಂಡಿಯೂರಿ ಅವನ ತಲೆ ಅಲುಗದಂತೆ ಎರಡೂ ಅಂಗೈಗಳಲ್ಲಿ ಹಿಡಿದರು. ಆಮೇಲೆ ಹಿಡಿತ ಸಡಿಲಿಸಲೇ ಇಲ್ಲ. ಅವನ ಹೆಂಡತಿ ಓಡಿ ಬಂದು ಕೈ ಹಿಡಿದುಕೊಂಡಳು. "ಹಿಡಿದಿದೀನಿ, ಗೊತ್ತಾಗ್ತಿದೆಯಾ?" ಎಂದು ಮತ್ತೆ ಮತ್ತೆ ಕೇಳಿದಳು. ಆಂಬುಲೆನ್ಸ್‌ನವರು ಬಂದು ಹಲಗೆಗೆ ಕಟ್ಟುವಾಗ ಅವನು ಒಮ್ಮೆಲೇ ನರಳಿದ: "ಬೆರಳು ಉರೀತಿದೆ." ಕೈಗೆ ಅರಿವು ಮರಳಿತಲ್ಲ ಎಂದು ಹೆಂಡತಿ ಗೊಳೋ ಎಂದು ಅತ್ತಳು.

ಪಂದ್ಯವನ್ನು ಅಲ್ಲಿಗೇ ನಿಲ್ಲಿಸಿದೆ. ಗುರುಗಳು ನನ್ನ ಮುಖ ನೋಡದೆ ಹೊರಟುಹೋದರು.

ಸಂಜೆ ಅವರೇ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತರು. "ಮೂಳೆ ಮುರಿದಿಲ್ಲ. ನರಕ್ಕೆ ಪೆಟ್ಟಾಗಿದೆ. ಕೈ ಆಡಿಸ್ತಿದಾನೆ."

"ಮೊದಲು ತಳ್ಳಿದ್ದು ಯಾರು?"

"ಇಬ್ಬರೂ. ವಿರಾಮದಲ್ಲೇ ಮಾತಾಡಿಕೊಂಡಿದ್ವಿ."

ನನಗೆ ಸಿಟ್ಟು ನೆತ್ತಿಗೇರಿತು. "ರೆಫರಿ ಮಾತು ಮೀರಬಾರದು ಅಂತ ಕಲಿಸಿದ್ದು ನೀವೇ ಅಲ್ವಾ? ಅವನ ಹೆಂಡತಿ ಮುಖ ನೋಡಿದ್ರಾ?" ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಗಂಡ ಕಾಫಿ ತಂದುಕೊಟ್ಟ. ಗುರುಗಳು ನಿಂತೇ ಕುಡಿದು ಹೋದರು.

ಪಂದ್ಯ ಮುಗಿಯದೆ ನಿಂತಿತು, ಯಾರೂ ಗೆದ್ದಿಲ್ಲ ಎಂದೇ ನಾನು ವರದಿ ಕೊಟ್ಟೆ. ಆಮೇಲೆ ಎರಡೂ ತಂಡದವರು ಸೇರಿದ್ದಾಗ, ಮುಂದಿನ ವರ್ಷ ಪೂರ್ತಿ ಮಾಡೋಣ ಎಂದು ಯಾರೋ ಹೇಳಿದಾಗ, ಪೆಟ್ಟಾದ ಕತ್ತಿಗೆ ಪಟ್ಟಿ ಕಟ್ಟಿಕೊಂಡು ಬಂದಿದ್ದ ಆ ಕ್ಯಾಪ್ಟನ್ನೇ ಮೊದಲು "ಬೇಡ" ಎಂದನಂತೆ.