ಹೊಸ ಕಂಪ್ಯೂಟರಿಗೆ ಹಳೆಯ ಎಳೆ

ಅತ್ತೆಯ ಮನೆ ಪೆರಿಯನಾಯಕನಪಾಳ್ಯಂನಲ್ಲಿ, ಮೇಟ್ಟುಪಾಳ್ಯಂ ರಸ್ತೆಯಿಂದ ಒಳಗೆ ತಿರುಗುವ ಓಣಿಯಲ್ಲಿದೆ. ಅವರು ನನ್ನ ಅಪ್ಪನ ಅಕ್ಕ. ಮದುವೆಯಾಗಿ ಬಂದಾಗಿನಿಂದ ಒಂದೇ ಕೈಮಗ್ಗದ ಮುಂದೆ ಕೂತವರು. ನಮ್ಮ ಕುಲದೇವಿಗೆ ವರ್ಷಕ್ಕೊಂದು ಮನೆಯವರು ಸೀರೆ ನೇಯ್ದು ಉಡಿಸುವುದು ಪದ್ಧತಿ. ಉಡಿಸುವ ಮುಂಚೆ ಪೂಜಾರಿ ‘ಯಾರ ಕೈಯದು?’ ಎಂದು ಕೇಳುತ್ತಾರೆ, ನೇಯ್ದವರು ತಮ್ಮ ಮನೆಯ ಹೆಸರು ಹೇಳುತ್ತಾರೆ. ಸರದಿ ಒಮ್ಮೆ ಕೈತಪ್ಪಿದರೆ ಮತ್ತೆ ಬರುವಷ್ಟರಲ್ಲಿ ಮನೆಯಲ್ಲಿ ಬೇರೆ ತಲೆಮಾರು ಇರುತ್ತದೆ. ಈ ವರ್ಷದ್ದು ಅತ್ತೆಯ ಸರದಿ. ಅವರ ಕಣ್ಣು ಮಂಜಾಗುತ್ತಿತ್ತು. ಇದು ಬಿಟ್ಟರೆ ಇನ್ನೊಂದಿಲ್ಲ ಎನ್ನುವುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆ ಸೀರೆಗೆ ಒಂದು ನಿಯಮ: ಮಗ್ಗವೊಂದನ್ನು ಬಿಟ್ಟು ಅದನ್ನು ಮುಟ್ಟುವುದೆಲ್ಲ ಹೊಸದಾಗಿರಬೇಕು. ರೇಷ್ಮೆ ಹೊಸದು, ಲಾಳಿ ಹೊಸದು, ಕೂರುವ ಚಾಪೆಯೂ ಹೊಸದು. ಅತ್ತೆ ಈ ನಿಯಮವನ್ನು ಕಂಪ್ಯೂಟರಿಗೂ ಹಚ್ಚಿಬಿಟ್ಟರು. ಅವರ ಮಗ್ಗದ ಮೇಲೆ ಈಗ ಡಿಸೈನಿನ ತೂತು ಕೊರೆದ ರಟ್ಟಿನ ಮಾಲೆಯ ಬದಲು ಎಲೆಕ್ಟ್ರಾನಿಕ್ ಪೆಟ್ಟಿಗೆಯಿದೆ. ಯಾವ ಎಳೆ ಏಳಬೇಕು, ಯಾವುದು ಮಲಗಿರಬೇಕು ಎಂದು ಅದಕ್ಕೆ ಕಂಪ್ಯೂಟರಿನ ಫೈಲು ಹೇಳುತ್ತದೆ. ಅತ್ತೆ ಚೌಕಳಿ ಕಾಗದದ ಮೇಲೆ ಬಿಡಿಸಿದ ಚಿತ್ರವನ್ನು ಅಂಥ ಫೈಲು ಮಾಡುವ ಚಿಕ್ಕ ಪ್ರೋಗ್ರಾಂ ನಾನೇ ಬರೆದುಕೊಟ್ಟಿದ್ದೆ. ಶರವಣಂಪಟ್ಟಿಯ ಆಫೀಸಿನಲ್ಲಿ ನನ್ನ ಕೆಲಸವೇ ಇದು ಎನ್ನುವ ಜಂಬ ಬೇರೆ. ಅತ್ತೆಯ ಹಳೆ ಕಂಪ್ಯೂಟರಿನಲ್ಲಿ ಅದು ಹೂವೆತ್ತಿದಂತೆ ಸಲೀಸಾಗಿ ಓಡುತ್ತಿತ್ತು. ಆದರೆ ಅದರಲ್ಲಿ ಅಂಗಡಿಗೆ ನೇಯ್ದ ಸೀರೆಗಳ ಡಿಸೈನೆಲ್ಲ ಇದೆ, ಅದು ಎಂಜಲು ಎಂದು ಅತ್ತೆ ಹೊಸದೊಂದನ್ನು ತರಿಸಿದರು. ನನ್ನ ಲ್ಯಾಪ್‌ಟಾಪಿನಲ್ಲಿ ಮಾಡಿಕೊಡುತ್ತೇನೆ ಎಂದರೆ, ಅದರ ಮುಂದೆ ಕೂತು ನಾನು ಏನೇನು ತಿಂದಿದ್ದೇನೋ ಎಂದು ಮುಖ ಸಿಂಡರಿಸಿದರು. ಹೊಸದಕ್ಕೆ ಇಂಟರ್ನೆಟ್ಟೂ ಬೇಡವಂತೆ. ಊರಿನ ಕಸವೆಲ್ಲ ಅದರಲ್ಲೇ ಬರುವುದಂತೆ.

ದೇವಿಗೆ ಸೀರೆ ಉಡಿಸುವ ಆಡಿ ತಿಂಗಳು, ಇಲ್ಲಿಯವರ ಆಷಾಢ, ಹುಟ್ಟುವುದರೊಳಗೆ ಸೀರೆ ಮಗ್ಗದಿಂದ ಇಳಿಯಬೇಕಿತ್ತು. ಆ ಭಾನುವಾರ ಶುರುವಾಗದಿದ್ದರೆ ಮುಗಿಯುವಂತಿರಲಿಲ್ಲ. ನಾನು ಪ್ರೋಗ್ರಾಮನ್ನು ಹೊಸದಾಗಿ ಕಟ್ಟಿ, ಈ ಸೀರೆಗೆಂದು ಅತ್ತೆ ಬಿಡಿಸಿದ್ದ ಹಂಸದ ಚಿತ್ರದ ಜೊತೆ ಹೊಸ ಪೆನ್‌ಡ್ರೈವಿನಲ್ಲಿ ತುಂಬಿಕೊಂಡು ಬೆಳಿಗ್ಗೆಯೇ ಹೋದೆ. ಅತ್ತೆ ಪೆನ್‌ಡ್ರೈವಿಗೆ ಅರಿಶಿನ ಕುಂಕುಮ ಹಚ್ಚಿ ಕೈಗೆ ಕೊಟ್ಟರು. ಹಾಕಿ ಒತ್ತಿದೆ. ಒಂದು ಫೈಲು ಸಿಗುತ್ತಿಲ್ಲ ಎಂದು ಪರದೆ ಹೇಳಿತು. ಮತ್ತೆ ಒತ್ತಿದೆ, ಅದೇ ಮಾತು.

ವಿಷಯ ಇಷ್ಟೇ. ಪ್ರೋಗ್ರಾಂ ನನ್ನದಾದರೂ ಚಿತ್ರ ಓದುವುದು, ಬಣ್ಣ ಬಿಡಿಸುವುದು ಎಲ್ಲ ಬೇರೆ ಯಾರೋ ಬರೆದಿಟ್ಟ ಲೈಬ್ರರಿ ಎಂಬ ಸಿದ್ಧ ಫೈಲುಗಳ ಕೆಲಸ. ಹಳೆ ಕಂಪ್ಯೂಟರಿನಲ್ಲಿ ಅವು ಹೇಗೋ ಎಂದೋ ಬಂದು ಸೇರಿಕೊಂಡಿದ್ದವು, ಹಾಗಾಗಿ ನನಗೆ ಅವುಗಳ ನೆನಪೇ ಬಂದಿರಲಿಲ್ಲ. ಹೊಸದು ಬೋಳು. ಅಲ್ಲಿಂದ ಇಲ್ಲಿಗೆ ನಕಲು ಮಾಡಿದರೆ ಮುಗಿಯಿತು, ಆದರೆ ಹಳೆಯದನ್ನು ಮುಟ್ಟಿದ್ದು ಇದಕ್ಕೆ ಬರಕೂಡದು ಎಂದು ಅತ್ತೆ ಪಟ್ಟು ಹಿಡಿದರು. ನನಗೆ ರೇಗಿತು. ದೇವಿಗೆ ಲೈಬ್ರರಿ ಫೈಲಿನ ಮಡಿ ಯಾರು ಹೇಳಿಕೊಟ್ಟರು ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡು, ಎದ್ದು ಮಗ್ಗದ ಹತ್ತಿರ ಹೋಗಿ ನಿಂತೆ.

ಅಲ್ಲಿ ಉದ್ದದ ಎಳೆಗಳ ಹೊಸ ಹಾಸು, ಅತ್ತೆ ಪಾವು ಎನ್ನುವುದು, ಏರಿಸಿಯಾಗಿತ್ತು. ಅದರ ಒಂದೊಂದು ಎಳೆಯನ್ನೂ ಮಗ್ಗದಲ್ಲಿ ಉಳಿದಿದ್ದ ಹಿಂದಿನ ಹಾಸಿನ ತುದಿಗೆ ಗಂಟು ಹಾಕಲಾಗಿತ್ತು. ಸಣ್ಣ ಸಣ್ಣ ಗಂಟುಗಳ ಒಂದು ಗೆರೆಯೇ ಅಲ್ಲಿತ್ತು.

“ಅತ್ತೆ, ಈ ಹೊಸ ಪಾವು ಯಾವುದಕ್ಕೆ ಕಟ್ಟಿದೀರಿ?” ಎಂದೆ.

“ಹಳೇ ಪಾವಿಗೆ. ಇಲ್ಲಾಂದ್ರೆ ಎಂಗೆ ಒಳಗೆ ಬರ್ತದೆ, ನನ್ ಕಣ್ಣೇ? ಹಳೇದು ಕೈ ಹಿಡ್ದು ಕರ್ಕೊಂಡು ಬರಬೇಕಲ್ಲ.”

“ಆ ಹಳೇದು ಅಂಗಡಿ ಸೀರೇದು ತಾನೆ? ಎಂಜಲಲ್ವಾ?”

ಅತ್ತೆ ಗಂಟುಗಳ ಮೇಲೆ ಬೆರಳಾಡಿಸಿದರು. ಆಮೇಲೆ ನಕ್ಕರು.

“ಸರಿ ಅಮ್ಮಣಿ, ಕಟ್ಟು. ಗಂಟು ಬಿಗಿಯಾಗಿರ್ಲಿ.”

ಕಟ್ಟಲು ಕೂತೆ. ಒಂದು ಫೈಲು ತಂದು ಹಾಕಿದರೆ ಅದು ಇನ್ನೊಂದನ್ನು ಕೇಳಿತು. ಅದನ್ನೂ ತಂದೆ, ಅದು ಹಳೆಯ ಕಾಲದ ಜಾತಿಯದು, ಹೊಂದಲಿಲ್ಲ. ಸರಿಯಾದದ್ದನ್ನು ಹುಡುಕಿ ಹಾಕಿದ ಮೇಲೆ ಪ್ರೋಗ್ರಾಂ ತೆರೆದುಕೊಂಡು, ಚಕಾರವೆತ್ತದೆ ಮುಚ್ಚಿಕೊಂಡಿತು. ತಪ್ಪು ಹೇಳಿ ಜಗಳವಾಡುವ ಯಂತ್ರವನ್ನಾದರೂ ಸಹಿಸಬಹುದು, ಮೌನವ್ರತದ್ದನ್ನಲ್ಲ. ಕೊನೆಗೆ, ಯಾವುದು ಯಾವುದರ ಮೇಲೆ ನಿಂತಿದೆ ಎಂದು ತೋರಿಸುವ ಸಾಧನವೊಂದನ್ನು ಹಳೆ ಕಂಪ್ಯೂಟರಿನಲ್ಲಿ ಓಡಿಸಿದೆ.

ನನ್ನ ಪ್ರೋಗ್ರಾಮಿನ ಹೆಸರು ಮೇಲೆ ಒಂದೇ ಸಾಲು. ಅದರ ಕೆಳಗೆ ಹೆಸರುಗಳು, ಅವುಗಳ ಕೆಳಗೆ ಮತ್ತೆ ಹೆಸರುಗಳು, ಪರದೆ ಸಾಲದೆ ಕೆಳಗಿಳಿಯುತ್ತಲೇ ಹೋದವು. ಚಿತ್ರ ಓದುವುದರ ಕೆಳಗೆ ಚಿತ್ರವನ್ನು ಹಿಂಡಿ ಚಿಕ್ಕದು ಮಾಡುವುದು, ಅದರ ಕೆಳಗೆ ಬರೀ ಕೂಡಿಸುವ ಕಳೆಯುವ ಕೆಲಸದ್ದು. ಒಂದರ ಜೊತೆ ಬರೆದವರ ಒಕ್ಕಣೆಯಿತ್ತು: ಬೇಕಾದವರು ಬಳಸಿಕೊಳ್ಳಿ, ಕೆಟ್ಟರೆ ನಮ್ಮನ್ನು ಕೇಳಬೇಡಿ ಎನ್ನುವ ಧಾಟಿಯದು. ನಾನು ದಿನಾ ಕಣ್ಣಾಡಿಸಿ ಮುಚ್ಚುವ ಮಾತು ಅದು. ಆವತ್ತು ಮುಚ್ಚಲಾಗಲಿಲ್ಲ. ಯಾವ ದೇಶದ ಯಾವ ಮನೆಯಲ್ಲಿ ಕೂತು ಬರೆದರೋ. ಪೆರಿಯನಾಯಕನಪಾಳ್ಯಂ ಎಂಬ ಊರಿದೆ ಎಂದೇ ತಿಳಿಯದವರು ಅತ್ತೆಯ ಹಂಸದ ಕೆಳಗೆ ಹೆಗಲು ಕೊಟ್ಟು ನಿಂತಿದ್ದರು. ನಾನು ಬರೆದೆ ಎಂದು ಮೆರೆದದ್ದು ಮೇಲಿನ ಒಂದು ಸಾಲು.

ಕಾಣೆಯಾಗಿದ್ದದ್ದು ತಳದಲ್ಲಿದ್ದ ಒಂದು ಪುಟ್ಟ ಫೈಲು. ಅದನ್ನು ತಂದು ಇಟ್ಟೊಡನೆ ಹಂಸ ಪರದೆಯ ಮೇಲೆ ಬಂತು.

ಮಧ್ಯಾಹ್ನ ಅತ್ತೆ ಮಗ್ಗಕ್ಕೆ ಕೂತರು. ಮೊದಲು ಗಂಟುಗಳು ಮೆಲ್ಲಗೆ ಹಣಿಗೆಯ ಹಲ್ಲುಗಳ ನಡುವೆ ದಾಟಿ ಈಚೆ ಬಂದವು. ಮಗ್ಗಕ್ಕೆ ಮೊದಲು ಎಳೆ ಪೋಣಿಸಿದ್ದು ಅವರ ಗಂಡನ ತಾಯಿಯಂತೆ. ಆಮೇಲೆ ಎಲ್ಲರೂ ಗಂಟು ಹಾಕುತ್ತ ಬಂದವರೇ. ಹಂಸದ ಕೊಕ್ಕು ಮೂಡಿದಾಗ ಅವರಿಗೆ ಅದು ಸರಿಯಾಗಿ ಕಾಣಲಿಲ್ಲ. ಬೆರಳಿನಿಂದ ಸವರಿ ನೋಡಿದರು. ನಾನು ತಂದು ಹಾಕಿದ ಫೈಲುಗಳನ್ನೆಲ್ಲ ಬರೆದವರು ಯಾರು ಎಂದು ಕೇಳಿದರು. ಗೊತ್ತಿಲ್ಲ, ತುಂಬ ಜನ, ನಾನು ಯಾರನ್ನೂ ನೋಡಿಲ್ಲ ಎಂದೆ. ಅವರು ಮತ್ತೆ ಲಾಳಿ ಎಸೆದರು.

ಆಡಿಗೆ ಮುಂಚೆಯೇ ಸೀರೆ ಇಳಿಯಿತು. ಗುಡಿಯಲ್ಲಿ ನಾನು ಅತ್ತೆಯ ಹಿಂದೆ ನಿಂತಿದ್ದೆ. ಸೀರೆಯಿದ್ದ ತಟ್ಟೆಗೆ ಕೈ ಚಾಚಿ ಪೂಜಾರಿ ಯಾರ ಕೈಯದು ಎಂದು ಕೇಳಿದರು. ಅತ್ತೆ ಮನೆಯ ಹೆಸರು ಹೇಳಿದರು. ಅಲ್ಲಿಗೆ ಮುಗಿಯಬೇಕಿತ್ತು, ಆದರೆ ಅವರು ತಟ್ಟೆಯಿಂದ ಕೈ ತೆಗೆಯಲಿಲ್ಲ.

“ಇನ್ನೂ ಶಾನೆ ಜನ ಇದಾರೆ ಸಾಮಿ,” ಎಂದರು. “ಹೆಸ್ರು ಪೇರು ಗೊತ್ತಿಲ್ಲ. ಅವರನ್ನೂ ಸೇರಿಸ್ಕೊಳ್ಳಿ.”

ಪೂಜಾರಿ ಒಂದು ಗಳಿಗೆ ಅತ್ತೆಯ ಮುಖ ನೋಡಿ, ಯಾರು ಎಂದು ಕೇಳದೆ ಸೀರೆಯನ್ನು ಒಳಗೆ ಒಯ್ದರು.